ಪರದೆಯ ಪಂದ್ಯ, ಘಟ್ಟದ ತಿರುವು

ತಮ್ಮ ಮನೆಯ ಹುಡುಗರು ಮೊಬೈಲಿನಲ್ಲಿ ಕಾರು ಪಂದ್ಯವಾಡುವುದನ್ನು ತಾವು ನೋಡಿರಬಹುದು. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿಯೂ ಕಾರು ತಿರುವು ದಾಟುತ್ತದೆ. ಗೋಡೆಗೆ ಬಡಿದರೂ ಮುಂದೋಡುತ್ತದೆ. ಎಷ್ಟು ಮುಂದೆ ಹೋದರೂ ಎದುರಾಳಿ ಬೆನ್ನು ಬಿಡುವುದಿಲ್ಲ. ಇದರ ಗುಟ್ಟೇನು?

ಎದುರಾಳಿಯನ್ನು ನಡೆಸುವುದು ಗಣಕಯಂತ್ರ. ಹಲವು ಆಟಗಳಲ್ಲಿ, ಆಟಗಾರನು ಮುಂದಾದರೆ ಎದುರಾಳಿಯ ವೇಗ ಹೆಚ್ಚುತ್ತದೆ, ಹಿಂದುಳಿದರೆ ತಗ್ಗುತ್ತದೆ. ಇಬ್ಬರ ನಡುವೆ ರಬ್ಬರ್ ಪಟ್ಟಿ ಕಟ್ಟಿದಂತೆ! 1992ರ ‘ಸೂಪರ್ ಮಾರಿಯೋ ಕಾರ್ಟ್’ ಆಟದಲ್ಲಿಯೇ ಈ ಉಪಾಯವುಂಟು. ಪಂದ್ಯವು ಕಡೆಯವರೆಗೂ ಬಿಗಿಯಾಗಿರಲೆಂಬುದೇ ಉದ್ದೇಶ. ಗಾಲಿಗೂ ನಿಜದಲ್ಲಿಲ್ಲದ ಹಿಡಿತವನ್ನು ಲೆಕ್ಕದಲ್ಲಿ ಸೇರಿಸಿರುತ್ತಾರೆ.

ಸಿದ್ದಾಪುರದಿಂದ ಕುಮಟೆಗೆ ಇಳಿಯುವ ದೊಡ್ಡಮನೆ ಘಟ್ಟದಲ್ಲಿ ಇಂಥ ರಿಯಾಯಿತಿ ಇಲ್ಲ. ವೇಗ ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ವಾಹನ ನಿಲ್ಲಲು ಬೇಕಾಗುವ ದೂರ ನಾಲ್ಮಡಿಯಾಗುತ್ತದೆ. ತಿರುವಿನಲ್ಲಿ ಬೇಕಾಗುವ ಹಿಡಿತವೂ ನಾಲ್ಮಡಿ. 20 ಮೀಟರ್ ತ್ರಿಜ್ಯದ ತಿರುವಿನಲ್ಲಿ, ರಸ್ತೆ ಒಣಗಿದ್ದರೂ, ವೇಗ ಸುಮಾರು 45 ಕಿಲೋಮೀಟರ್ ಮೀರಿತೆಂದರೆ ಟಾಯರು ಜಾರತೊಡಗುತ್ತದೆ. ಮಳೆಗಾಲದಲ್ಲಿ 30ರ ಆಸುಪಾಸಿಗೇ ಜಾರೀತು.

ಹುಡುಗರು ಆಡಲಿ, ಬೇಡವೆನ್ನಬೇಕಾಗಿಲ್ಲ. ಆದರೆ ಗಾಡಿಯ ಕೀಲಿಯನ್ನು ಅವರ ಕೈಗೆ ಕೊಡುವ ಮೊದಲು ಈ ಲೆಕ್ಕವನ್ನು ಒಮ್ಮೆ ತಿಳಿಸಿ ಹೇಳಿರಿ.