ಎರಡು ದನಿ ಬಂದಾಗ ಯಾರ ಮಾತು ಕೇಳೋದು?

ವೀಕ್ಷಕರೇ, ಸ್ಟುಡಿಯೋದಲ್ಲಿ ಕೂತಾಗ ನನ್ನ ಕಿವಿಯಲ್ಲೊಂದು ಇಯರ್‌ಪೀಸ್ ಇರುತ್ತೆ. ಎದುರಿನ ಪ್ರಾಂಪ್ಟರ್ ಒಂದು ಸುದ್ದಿ ತೋರಿಸ್ತಿದ್ದರೆ, ಕಿವಿಯಲ್ಲಿ ಪ್ರೊಡ್ಯೂಸರ್ 'ಅದು ಬಿಡಿ, ಬ್ರೇಕಿಂಗ್ ಬಂದಿದೆ' ಅಂತಾರೆ. ನಾನು ತಡವರಿಸಿದರೆ ನೀವು ನಗ್ತೀರಿ, ಅಷ್ಟೇ. ಇದೇ ಗೊಂದಲ 36,000 ಅಡಿ ಎತ್ತರದಲ್ಲಿ ಪೈಲಟ್‌ಗೆ ಆದರೆ?

1996ರ ನವೆಂಬರ್ 12. ಹರಿಯಾಣದ ಚರ್ಖಿ ದಾದ್ರಿ. ದೆಹಲಿಯಿಂದ ಹೊರಟ ಸೌದಿ ವಿಮಾನಕ್ಕೆ 14,000 ಅಡಿ, ದೆಹಲಿಗೆ ಬರುತ್ತಿದ್ದ ಕಜಕಿಸ್ತಾನದ ವಿಮಾನಕ್ಕೆ 15,000 ಅಡಿ ಅಂತ ಕಂಟ್ರೋಲರ್ ಹೇಳಿದ್ದರು. ಎರಡನೆಯದು ಅದಕ್ಕಿಂತ ಕೆಳಗಿಳಿಯಿತು. ಡಿಕ್ಕಿಯಲ್ಲಿ 349 ಜನ ಸತ್ತರು. ಆಮೇಲೆ ಭಾರತದಲ್ಲಿ ಹಾರುವ ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಒಂದು ಯಂತ್ರ ಕಡ್ಡಾಯವಾಯಿತು. ಪೈಲಟ್‌ಗಳು ಅದನ್ನು ಟೀಕ್ಯಾಸ್ ಅಂತಾರೆ.

ನಾನು ಇಂಜಿನಿಯರಿಂಗ್ ಓದಿದವನು, ಆದರೆ ಇದು ಅರ್ಥವಾಗೋಕೆ ಡಿಗ್ರಿ ಬೇಕಿಲ್ಲ. ಈ ಯಂತ್ರ ಸುತ್ತಲಿನ ವಿಮಾನಗಳನ್ನು ರೇಡಿಯೋದಲ್ಲಿ ಕೇಳುತ್ತಲೇ ಇರುತ್ತೆ: ಯಾರಪ್ಪಾ ಅಲ್ಲಿ, ಎಷ್ಟು ಎತ್ತರದಲ್ಲಿದ್ದೀಯ? ಉತ್ತರ ಬರಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕುತ್ತೆ. ಡಿಕ್ಕಿಗೆ ಕೆಲವೇ ಸೆಕೆಂಡ್ ಉಳಿದಿದೆ ಅಂತಾದರೆ 'ಮೇಲೇರು' ಅಥವಾ 'ಕೆಳಗಿಳಿ' ಅಂತ ಆದೇಶ ಕೊಡುತ್ತೆ. ಕಿರಿದಾದ ಓಣಿಯಲ್ಲಿ ಎದುರಾದ ಇಬ್ಬರೂ ಒಂದೇ ಕಡೆ ಸರಿಯುತ್ತಾರಲ್ಲ, ಹಾಗಾಗಬಾರದು ಅಂತ ಎರಡೂ ವಿಮಾನದ ಯಂತ್ರಗಳು ಮೊದಲೇ ಮಾತಾಡಿಕೊಳ್ಳುತ್ತವೆ. ಒಂದು ಮೇಲೆ, ಇನ್ನೊಂದು ಕೆಳಗೆ.

ಹಾಗಾದರೆ 2002ರ ಜುಲೈ 1ರ ರಾತ್ರಿ ಏನಾಯ್ತು? ಜರ್ಮನಿಯ ಊಬರ್‌ಲಿಂಗೆನ್ ಮೇಲೆ ರಷ್ಯಾದ ಪ್ರಯಾಣಿಕ ವಿಮಾನ ಮತ್ತು ಒಂದು ಸರಕು ವಿಮಾನ ಒಂದೇ ಎತ್ತರದಲ್ಲಿ ಹತ್ತಿರವಾದವು. ಎರಡರಲ್ಲೂ ಟೀಕ್ಯಾಸ್ ಇತ್ತು, ಸರಿಯಾಗೇ ಕೆಲಸ ಮಾಡಿತು. ರಷ್ಯಾದ ವಿಮಾನಕ್ಕೆ ಯಂತ್ರ 'ಮೇಲೇರು' ಅಂದಿತು. ಜ್ಯೂರಿಕ್‌ನಲ್ಲಿ ಒಬ್ಬರೇ ಎರಡು ಪರದೆ ನೋಡಿಕೊಳ್ಳುತ್ತಿದ್ದ ಕಂಟ್ರೋಲರ್ 'ಕೆಳಗಿಳಿಯಿರಿ' ಅಂದರು. ಯಂತ್ರ ಏನು ಹೇಳಿದೆ ಅನ್ನೋದು ಅವರಿಗೆ ಗೊತ್ತಿರಲಿಲ್ಲ. ಪೈಲಟ್‌ಗಳು ಮನುಷ್ಯನ ಮಾತು ನಂಬಿದರು. ಸರಕು ವಿಮಾನ ಯಂತ್ರದ ಮಾತಿನಂತೆ ಕೆಳಗಿಳಿಯಿತು. 71 ಜನ ಹೋದರು. ಅವರಲ್ಲಿ ಹೆಚ್ಚಿನವರು ರಜೆಗೆ ಹೊರಟಿದ್ದ ಮಕ್ಕಳು.

ಎರಡು ದನಿ ಬಂದರೆ ಯಾವುದು ಅಂತಿಮ ಅನ್ನೋ ವಿಷಯದಲ್ಲಿ ಆಗ ನಿಯಮಗಳೇ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಈಗ ಸಂದೇಹವಿಲ್ಲ: ಟೀಕ್ಯಾಸ್ ಆದೇಶ ಕೊಟ್ಟರೆ ಅದನ್ನೇ ಪಾಲಿಸಬೇಕು, ಕಂಟ್ರೋಲರ್ ಬೇರೆ ಹೇಳಿದರೂ ಸರಿ.

ಯಂತ್ರ ಕೂರಿಸೋದು ಸುಲಭ, ವೀಕ್ಷಕರೇ. ಯಾರ ಮಾತು ಕಡೆಯ ಮಾತು ಅಂತ ಮೊದಲೇ ಬರೆದಿಡೋದು ಕಷ್ಟ. ಆ ಒಂದು ಸಾಲಿಗೆ 71 ಜೀವ ತೆರಬೇಕಾಯ್ತು.