ಈ ಫೋಲ್ಡರ್ ಯಾರದು?

1996ರಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಚೇಂಜ್ ಮೇಲ್ ಸರ್ವರನ್ನು ಮಾರುಕಟ್ಟೆಗೆ ಬಿಟ್ಟಾಗ ಜೊತೆಗೇ ಪಬ್ಲಿಕ್ ಫೋಲ್ಡರುಗಳೂ ಬಂದವು. ಇಡೀ ಕಚೇರಿ ನೋಡಬೇಕಾದ ಮೇಲ್, ರಜೆಯ ಕ್ಯಾಲೆಂಡರ್, ಗಿರಾಕಿಗಳ ವಿಳಾಸ ಎಲ್ಲ ಒಂದೇ ಕಡೆ. ಹೊಸ ಫೋಲ್ಡರ್ ತೆರೆಯಲು ಎಲ್ಲರಿಗೂ ಹುರುಪು, ಬೇಡವಾದದ್ದನ್ನು ತೆಗೆಯಲು ಯಾರಿಗೂ ಪುರುಸೊತ್ತಿಲ್ಲ. ಕೆಲವೇ ವರ್ಷಗಳಲ್ಲಿ ಅದು ಊರ ಗೋಮಾಳದಂತಾಯಿತು: ಮೇಯಿಸುವವರು ಎಲ್ಲರೂ, ನೋಡಿಕೊಳ್ಳುವವರು ಯಾರೂ ಇಲ್ಲ. ಹಳೆಯ ಸರ್ವರಿನಿಂದ ಹೊಸದಕ್ಕೆ ಎಲ್ಲವನ್ನೂ ಸಾಗಿಸುವ ಹೊತ್ತಿಗೆ ಅಡ್ಮಿನ್ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದ. ಇದು ಯಾರದು, ಯಾರನ್ನು ಕೇಳಿ ಅಳಿಸಲಿ? ತಿಳಿಯಬೇಕಾದರೆ ಒಂದೊಂದೇ ಫೋಲ್ಡರಿನ ಪ್ರಾಪರ್ಟೀಸ್ ತೆರೆದು, ಪರ್ಮಿಷನ್ ನೋಡಿ, ಹೆಸರು ಬರೆದುಕೊಳ್ಳಬೇಕಿತ್ತು.

ಈ ಗೋಳಿಗೆ ಮದ್ದು ಸಿಕ್ಕಿದ್ದು ಬೇರೆಯದೇ ಒಂದು ಸೋಲಿನಿಂದ. 1999ರಲ್ಲಿ ಮೈಕ್ರೋಸಾಫ್ಟ್ ಸೇರಿದ ಜೆಫ್ರಿ ಸ್ನೋವರ್, ಯುನಿಕ್ಸ್‌ನ ಗ್ರೆಪ್, ಸೆಡ್, ಆಕ್ ಮುಂತಾದ ಸಲಕರಣೆಗಳನ್ನು ವಿಂಡೋಸಿಗೆ ತಂದು ನೋಡಿದರು. ಬಂದವು, ಆದರೆ ಕೆಲಸಕ್ಕೆ ಬರಲಿಲ್ಲ. ಯುನಿಕ್ಸ್‌ನಲ್ಲಿ ಬಹುಮಟ್ಟಿಗೆ ಎಲ್ಲವೂ ಅಕ್ಷರದ ಫೈಲು. ಹುಡುಕುವುದು, ಕತ್ತರಿಸುವುದು ಗೊತ್ತಿದ್ದರೆ ಸಾಕು. ವಿಂಡೋಸಿನ ವಿವರಗಳೋ ರಿಜಿಸ್ಟ್ರಿಯಲ್ಲಿ, ಆಕ್ಟಿವ್ ಡೈರೆಕ್ಟರಿಯಲ್ಲಿ ಅಡಗಿದ್ದವು; ಗ್ರೆಪ್‌ಗೆ ಅಲ್ಲಿ ಬಾಯಿ ಹಾಕಲು ಏನೂ ಇರಲಿಲ್ಲ. ಆಗ ಹೊಳೆದದ್ದು: ಒಂದು ಆಜ್ಞೆ ಇನ್ನೊಂದಕ್ಕೆ ಅಕ್ಷರಗಳ ಸಾಲನ್ನು ಕೊಡುವುದೇಕೆ, ಹೆಸರು, ದಾರಿ, ಅಧಿಕಾರ ಎಲ್ಲ ಅಂಟಿಕೊಂಡ ಆಬ್ಜೆಕ್ಟನ್ನೇ ದಾಟಿಸಿದರೆ?

2002ರಲ್ಲಿ ಅವರು ಇದನ್ನು ‘ಮೋನಾಡ್ ಮ್ಯಾನಿಫೆಸ್ಟೊ’ ಎಂದು ಬರೆದಿಟ್ಟರು. ಹೆಸರು ತತ್ವಜ್ಞಾನಿ ಲೈಬ್ನಿಟ್ಸ್‌ನಿಂದ ಬಂದದ್ದು. ಇದರ ಬೆನ್ನು ಹತ್ತಿದ್ದಕ್ಕೆ ತಮಗೆ ಹಿಂಬಡ್ತಿಯಾಯಿತೆಂದು ಸ್ನೋವರ್ ಆಮೇಲೆ ಹೇಳಿಕೊಂಡಿದ್ದಾರೆ. ಕಿಟಕಿ, ಗುಂಡಿ ಮಾರಿ ಬೆಳೆದ ಕಂಪನಿಗೆ ಟೈಪ್ ಮಾಡಿ ಕೆಲಸ ಮಾಡುವ ಮಾತು ಹಿಮ್ಮುಖ ನಡಿಗೆಯಾಗಿ ಕಂಡಿದ್ದರೆ ಅಚ್ಚರಿಯಿಲ್ಲ.

2006ರ ನವೆಂಬರಿನಲ್ಲಿ ಆ ಮೋನಾಡ್, ಆಜ್ಞೆ ಟೈಪ್ ಮಾಡಿ ಓಡಿಸುವ ಸಲಕರಣೆಯಾಗಿ, ಪವರ್‌ಶೆಲ್ ಎಂಬ ಹೆಸರಿನಲ್ಲಿ ಹೊರಬಂತು. ಮರುತಿಂಗಳೇ ಸಿದ್ಧವಾದ ಎಕ್ಸ್‌ಚೇಂಜ್ 2007ರ ಇಡೀ ಆಡಳಿತ ಅದರ ಮೇಲೆಯೇ ನಿಂತಿತ್ತು. ಪರದೆಯ ಗುಂಡಿ ಒತ್ತಿದರೂ ಒಳಗೆ ಓಡುತ್ತಿದ್ದದ್ದು ಅದೇ ಆಜ್ಞೆ. ತಮಾಷೆಯೆಂದರೆ, ಆ ಮೊದಲ ಆವೃತ್ತಿಯ ಹೊಸ ಕನ್ಸೋಲಿನಲ್ಲಿ ಪಬ್ಲಿಕ್ ಫೋಲ್ಡರಿಗೆ ಜಾಗವೇ ಇರಲಿಲ್ಲ. ಅದು ಬಂದದ್ದು ಮುಂದಿನ ಸರ್ವಿಸ್ ಪ್ಯಾಕಿನಲ್ಲಿ. ಅಲ್ಲಿಯವರೆಗೆ ಹಳೆಯ ಕಾಲದ ಸಲಕರಣೆ ಹುಡುಕಬೇಕು, ಇಲ್ಲವೇ ಟೈಪ್ ಮಾಡಬೇಕು. ಅಡ್ಮಿನ್‌ಗಳು ಬೈದುಕೊಂಡೇ ಟೈಪ್ ಮಾಡಿದರು, ಮಾಡುತ್ತಾ ಮಾಡುತ್ತಾ ತಮಗೆ ಬೇಕಿದ್ದ ಮಾಲೀಕರ ಪಟ್ಟಿ ಅಲ್ಲೇ ಇದೆಯೆಂದು ಕಂಡುಕೊಂಡರು.

‘ಗೆಟ್-ಪಬ್ಲಿಕ್‌ಫೋಲ್ಡರ್’ ಎಂದು ಬರೆದು, ಬೇರಿನಿಂದ ತುದಿಯವರೆಗೆ ಇಳಿಯಲು ‘ರಿಕರ್ಸ್’ ಸೇರಿಸಿ, ಬಂದದ್ದನ್ನು ‘ಗೆಟ್-ಪಬ್ಲಿಕ್‌ಫೋಲ್ಡರ್‌ಕ್ಲೈಂಟ್‌ಪರ್ಮಿಷನ್’ಗೆ ದಾಟಿಸಿ, ‘ಓನರ್’ ಇರುವ ಸಾಲುಗಳನ್ನಷ್ಟೇ ಸೋಸಿ ಸಿಎಸ್‌ವಿ ಫೈಲಿಗೆ ಇಳಿಸಿದರೆ ಮುಗಿಯಿತು. ‘ರಿಸಲ್ಟ್‌ಸೈಜ್ ಅನ್‌ಲಿಮಿಟೆಡ್’ ಹಾಕುವುದು ಮರೆತರೆ ದೊಡ್ಡ ಪಟ್ಟಿ ಅರ್ಧಕ್ಕೇ ನಿಲ್ಲುತ್ತದೆ. ಇನ್ನೊಂದು ಕಿರಿಕಿರಿ, ಅಧಿಕಾರದ ಕಾಲಂ. ಒಬ್ಬರಿಗೇ ಹಲವು ಅಧಿಕಾರ ಇರಬಹುದಾದ್ದರಿಂದ ಅದು ಒಳಗೊಂದು ಪಟ್ಟಿ. ಅಕ್ಷರವಾಗಿ ಜೋಡಿಸದೆ ಎಕ್ಸೆಲ್‌ಗೆ ಕಳಿಸಿದರೆ ‘ಓನರ್’ ಇರಬೇಕಾದಲ್ಲಿ ಅರ್ಥವಾಗದ ಉದ್ದನೆಯ ತಾಂತ್ರಿಕ ಹೆಸರು ಕೂತಿರುತ್ತದೆ.

ನಿಜವಾದ ಪತ್ತೆ ಆಗುವುದು ಫೈಲು ತೆರೆದ ಮೇಲೆ. ಹೆಸರಿನ ಜಾಗದಲ್ಲಿ ಅಲ್ಲಲ್ಲಿ ‘ಎನ್‌ಟಿ ಯೂಸರ್: ಎಸ್-1-5-21’ ಎಂದು ಶುರುವಾಗುವ ಅಂಕಿಗಳ ಬಾಲ. ಕೆಲಸ ಬಿಟ್ಟು ಹೋದವರ ಖಾತೆ ಅಳಿಸಿದೆ, ಅದರ ಗುರುತಿನ ಸಂಖ್ಯೆ ಮಾತ್ರ ಇನ್ನೂ ಮಾಲೀಕ. ಹೆಸರಿದ್ದರೂ ಪೂರ್ತಿ ನಂಬುವಂತಿಲ್ಲ. ಔಟ್‌ಲುಕ್‌ನಲ್ಲಿ ಹೊಸ ಫೋಲ್ಡರ್ ತೆರೆದವರೇ ಅದರ ಓನರ್ ಆಗಿಬಿಡುತ್ತಾರೆ, ಸಾಹೇಬರು ಹೇಳಿದರೆಂದು ತೆರೆದ ಗುಮಾಸ್ತರಾದರೂ ಸರಿ. ಹಾಗಾಗಿ ಸ್ಟಾಟಿಸ್ಟಿಕ್ಸ್ ಆಜ್ಞೆಯಿಂದ ಕೊನೆಯ ಬದಲಾವಣೆಯ ದಿನಾಂಕವನ್ನೂ ಪಕ್ಕಕ್ಕೆ ಇಟ್ಟು ನೋಡಬೇಕಾಗುತ್ತದೆ.

ಅದಕ್ಕೂ ಬಗ್ಗದ ಫೋಲ್ಡರುಗಳು ಒಂದಷ್ಟು ಉಳಿದೇ ಉಳಿಯುತ್ತವೆ. ಅವುಗಳಿಗೆ ಪಳಗಿದ ಅಡ್ಮಿನ್‌ಗಳ ಉಪಾಯ ಒಂದೇ: ಬ್ಯಾಕಪ್ ತೆಗೆದಿಟ್ಟು, ಎಲ್ಲರ ಪರ್ಮಿಷನ್ ಕಿತ್ತುಹಾಕಿ, ಸುಮ್ಮನೆ ಕಾಯುವುದು. ಯಾರು ಫೋನ್ ಮಾಡಿ ರೇಗುತ್ತಾರೋ ಅವರ ಹೆಸರು ಓನರ್ ಕಾಲಂಗೆ.