ಬೇಗಂಪೇಟೆಯ ಮಳೆ, ಗಾರೆಯ ಗೋಡೆ

ಪಾಯಿಗಾ ಮನೆತನದ ಅಮೀರರಾದ ಸರ್ ವಿಕಾರ್ ಉಲ್ ಉಮ್ರಾ ಅವರು ಆರಂಭಿಸಿ, 1906ರಲ್ಲಿ ಪೂರ್ಣಗೊಂಡ ಹೈದರಾಬಾದಿನ ಬೇಗಂಪೇಟೆಯ ಸ್ಪ್ಯಾನಿಷ್ ಮಸೀದಿಯನ್ನು ನೋಡಿದವರು ಅದರ ಲಾಳಾಕಾರದ ಕಮಾನುಗಳನ್ನೂ ಮೊನಚಾದ ಶಿಖರಗಳನ್ನೂ ಕಂಡು ಸ್ಪೇನಿನ ಕಾರ್ಡೋಬವನ್ನು ನೆನೆಯುತ್ತಾರೆ. ಅವರೇ ಕಟ್ಟಿಸಿದ, ಹಲವು ವರ್ಷ ಅಮೆರಿಕದ ಕಾನ್ಸುಲೇಟಿಗೆ ನೆಲೆಯಾಗಿದ್ದ ಸಮೀಪದ ಪಾಯಿಗಾ ಅರಮನೆಯದೂ ಯೂರೋಪಿನ ಛಾಯೆಯೇ. ಆದರೆ ಆಕೃತಿಯು ಎಲ್ಲಿಂದಲೇ ಬಂದಿರಲಿ, ಆ ಕಾಲದ ಇಂತಹ ಕಟ್ಟಡಗಳನ್ನು ನೂರು ಮಳೆಗಾಲಗಳಿಂದ ಕಾಪಾಡಿಕೊಂಡು ಬಂದದ್ದು ದಖ್ಖನಿನ ಗಾರೆ ಕೆಲಸದವರ ವಿದ್ಯೆ. ಅದು ಕಣ್ಣಿಗೆ ಬೀಳದೆ ಮರೆಯಾಗುತ್ತಿರುವುದೇ ನನ್ನ ವ್ಯಥೆ.

ವರ್ಷಕ್ಕೆ ಲಂಡನ್ನಿನಲ್ಲಿ ಬೀಳುವ ಮಳೆ ಸುಮಾರು 600 ಮಿಲಿಮೀಟರ್, ಹೈದರಾಬಾದಿನಲ್ಲಿ ಸುಮಾರು 800. ಅಲ್ಲಿ ಅದು ವರ್ಷವಿಡೀ ಜಿನುಗುತ್ತದೆ; ಇಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದುಹೋಗಿ, ಬೇಸಗೆಯಲ್ಲಿ ಗೋಡೆಗಳು ನಲವತ್ತು ಡಿಗ್ರಿಯ ಬಿಸಿಲಿಗೆ ಕಾಯುತ್ತವೆ. ಆದುದರಿಂದ ಅಲ್ಲಿಯವರು ಕಡಿದಾದ ಮಾಡನ್ನೂ ಇಲ್ಲಿಯವರು ಸಮತಟ್ಟಾದ ತಾರಸಿಯನ್ನೂ ಆರಿಸಿಕೊಂಡರೂ, ಗೋಡೆಯ ವಿಷಯದಲ್ಲಿ ಎರಡೂ ದೇಶಗಳ ಕುಶಲಿಗಳು ನೆಚ್ಚಿದ್ದು ಸುಣ್ಣವನ್ನೇ.

ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲಾಮ್ಲ ವಾಯುವು ಹೊರಟುಹೋಗುತ್ತದೆ. ನೀರೆರೆದು ಅರಳಿಸಿದ ಸುಣ್ಣವು ಗೋಡೆಯ ಮೇಲೆ ಅದೇ ವಾಯುವನ್ನು ಗಾಳಿಯಿಂದ ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಅದಕ್ಕೆ ಸುಟ್ಟ ಇಟ್ಟಿಗೆಯ ಪುಡಿಯಾದ ಸುರ್ಕಿಯನ್ನು ಸೇರಿಸಿ ಗಾಣದಲ್ಲಿ ಅರೆದರೆ, ತೇವದಲ್ಲಿಯೂ ಗಟ್ಟಿಯಾಗುವ ಗುಣ ಬರುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರ ಕನ್ನಂಬಾಡಿ ಕಟ್ಟೆಯು ಕಾವೇರಿಯನ್ನು ತಡೆದು ನಿಂತಿರುವುದು ಈ ಸುರ್ಕಿ ಗಾರೆಯ ಬಲದಿಂದಲೇ. ಹಳೆಯ ಮನೆಗಳ ತಾರಸಿಯಲ್ಲಂತೂ ಪರಿಶ್ರಮಕ್ಕೆ ಮಿತಿಯಿರಲಿಲ್ಲ: ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಕಟ್ಟಿ, ಅದರ ಮೇಲೆ ಇಟ್ಟಿಗೆ ಜಲ್ಲಿ ಬೆರೆಸಿದ ಸುಣ್ಣವನ್ನು ಹರಡಿ, ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಚಿಮುಕಿಸುತ್ತ, ಸಾಲಾಗಿ ಕುಳಿತ ಹೆಂಗಸರು ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಬಡಿದಷ್ಟೂ ಸಂದುಗಳು ಮುಚ್ಚಿ, ನೀರಿಗೆ ಒಳನುಗ್ಗಲು ದಾರಿ ಉಳಿಯುತ್ತಿರಲಿಲ್ಲ.

ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ, ಮಣ್ಣಿನ ಗೋಡೆಯ ಮನೆಗೆ ತಲೆಗೊಂದು ಒಳ್ಳೆಯ ಟೋಪಿ, ಕಾಲಿಗೊಂದು ಒಳ್ಳೆಯ ಜೋಡು ಇದ್ದರೆ ಸಾಕೆಂಬ ಮಾತುಂಟು. ಮುಂದೆ ಚಾಚಿದ ಸೂರು, ಎತ್ತರದ ಕಲ್ಲಿನ ಪೀಠ ಎಂಬುದು ಅದರ ಅರ್ಥ. ನಮ್ಮ ಸಜ್ಜೆಯೂ ಜಗಲಿಯೂ ಮಾಡುವುದು ಅದೇ ಕೆಲಸವನ್ನು.

1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಎಂಬಾತನು ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದ ಮೇಲೆ ಕಾಲಕ್ರಮದಲ್ಲಿ ಗಾಣಗಳು ನಿಂತುಹೋದವು. ಹೊಸ ಕಟ್ಟಡಗಳಿಗೆ ಸಿಮೆಂಟಿನಿಂದಾದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಳೆಯ ಗಾರೆ ಗೋಡೆಯ ಮೇಲೆ ಸಿಮೆಂಟು ಬಳಿದರೆ ಆಗುವ ಹಾನಿಯನ್ನು ಗೋಡೆಯ ಬುಡದಲ್ಲಿ ಕಾಣಬಹುದು. ಗಾರೆಯು ಮಳೆಯಲ್ಲಿ ಹೀರಿದ ತೇವವನ್ನು ಬಿಸಿಲಿನಲ್ಲಿ ಬಿಟ್ಟುಕೊಡುವಂಥದು. ಅದರ ಮೇಲೆ ಸಿಮೆಂಟಿನ ಗಡಸು ಪದರ ಬಿದ್ದರೆ ನೆಲದಿಂದ ಏರಿದ ತೇವವು ಒಳಗೇ ಸಿಲುಕುತ್ತದೆ, ಅದರೊಡನೆ ಬಂದ ಲವಣಗಳು ಹರಳುಗಟ್ಟುತ್ತವೆ, ಗಿಲಾವು ಉಬ್ಬಿ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಮಾಲೀಕನು ಸುಣ್ಣವೇ ದುರ್ಬಲವೆಂದು ಭಾವಿಸಿ ಇನ್ನಷ್ಟು ಸಿಮೆಂಟು ತರಿಸುತ್ತಾನೆ. ಯೂರೋಪಿನಲ್ಲಿಯೂ ಇದೇ ತಪ್ಪಿನಿಂದ ಅನೇಕ ಹಳೆಯ ಮನೆಗಳು ಕೆಟ್ಟ ಮೇಲೆ, ಅಲ್ಲಿಯ ಸಂರಕ್ಷಕರು ಸುಣ್ಣಕ್ಕೆ ಮರಳಿದರು.

ಹೈದರಾಬಾದಿನಲ್ಲಾಗಲಿ ಕಲಬುರ್ಗಿಯಲ್ಲಾಗಲಿ ಅಜ್ಜನ ಕಾಲದ ಗಾರೆ ಮನೆಯುಳ್ಳವರು ದುರಸ್ತಿಗೆ ಕೈಹಾಕುವ ಮೊದಲು ಗೋಡೆಯನ್ನು ಸ್ವಲ್ಪ ಕೆರೆದು ನೋಡಲಿ; ಒಳಗೆ ಸುಣ್ಣವೂ ಸುರ್ಕಿಯೂ ಕಂಡರೆ, ಅದೇ ಗಾರೆಯನ್ನು ಅರೆಯಬಲ್ಲ ಹಿರಿಯ ಮೇಸ್ತ್ರಿಯನ್ನು ಹುಡುಕಿ, ಕೆಲಸವನ್ನು ಮಳೆಗಾಲಕ್ಕೆ ಸಾಕಷ್ಟು ಮೊದಲೇ ಮುಗಿಸಿಕೊಳ್ಳಲಿ; ಏಕೆಂದರೆ ಹಸಿ ಸುಣ್ಣವು ಬಲಿಯುವುದಕ್ಕೆ ವಾರಗಳೇ ಬೇಕು.